ಅರವತ್ತರ ಮೇಲೆ ಶ್ರೀಶೈಲಕ್ಕೆ ನಡೆಯುವವರ ತಾಲೀಮು: ದೀಪಾವಳಿಯಿಂದ ಯುಗಾದಿಯವರೆಗೆ

ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ, ಅಂದರೆ ಮಲ್ಲಿಕಾರ್ಜುನನ, ದರ್ಶನಕ್ಕೆಂದು ರಾಯಚೂರು, ಕೊಪ್ಪಳ ಜಿಲ್ಲೆಗಳ ಊರೂರುಗಳಿಂದ ಕಂಬಿ (ದೇವರ ಹೆಸರಿನಲ್ಲಿ ಹೆಗಲ ಮೇಲೆ ಹೊರುವ ಕೋಲು) ಹೊತ್ತು ಹೊರಡುವ ತಂಡಗಳಲ್ಲಿ ಅರವತ್ತು ದಾಟಿದವರು ಕಡಿಮೆಯೇನಿಲ್ಲ. ಅವರಲ್ಲಿ ಕೆಲವರು ಮೊದಲ ದಿನ ಎಲ್ಲರಿಗಿಂತ ಮುಂದೆ ನಡೆದು, ಮೂರನೆಯ ದಿನ ಸಾಮಾನಿನ ಟ್ರ್ಯಾಕ್ಟರ್ ಏರಿ ಕೂತಿರುತ್ತಾರೆ. ಒಂದು ದಿನ 25 ಕಿ.ಮೀ. ನಡೆಯುವುದು ಒಂದು ಕೆಲಸವಾದರೆ, ಮಲಗಿ ಎದ್ದು ಮರುದಿನವೂ ಅಷ್ಟೇ ದೂರ ನಡೆಯುವುದು ಬೇರೆಯೇ ಕೆಲಸ. ರಾಯಚೂರಿನಿಂದ ಹೊರಟರೂ 200 ಕಿ.ಮೀ.ಗೆ ಮಿಗಿಲಾಗುವ ಈ ದಾರಿಗೆ ಮೈ ಹದಗೊಳಿಸುವವರು, ನಿನ್ನೆ ಎಷ್ಟು ನಡೆದೆ ಎಂದು ಎಣಿಸುವುದಕ್ಕಿಂತ ಇಂದು ಬೆಳಿಗ್ಗೆ ಹೇಗೆ ಎದ್ದೆ ಎಂದು ನೋಡಿಕೊಳ್ಳುವುದು ಮೇಲು.

ಜೀವನವಿಡೀ ಹೊಲದಲ್ಲಿ ನಡೆದವರಿಗೆ ತಾಲೀಮು ಏಕೆ ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಹೊಲದ ನಡಿಗೆ ನಿಂತು ನಿಂತು ಸಾಗುವಂಥದ್ದು. ಎರೆಮಣ್ಣು ಮೆತ್ತಗಿರುತ್ತದೆ, ಹೆಜ್ಜೆಯೂ ಒಂದೇ ರೀತಿ ಬೀಳುವುದಿಲ್ಲ. ಡಾಂಬರಿನ ಮೇಲೆ ಗಂಟೆಗಟ್ಟಲೆ ಒಂದೇ ಲಯದಲ್ಲಿ ಬೀಳುವ ಹೆಜ್ಜೆ ಹಿಮ್ಮಡಿ, ಮಂಡಿ, ಸೊಂಟಗಳ ಅದೇ ಜಾಗವನ್ನು ಸಾವಿರಾರು ಸಲ ತಟ್ಟುತ್ತದೆ. ಆದ್ದರಿಂದ ನಿವೃತ್ತ ಮೇಷ್ಟ್ರಿಗೆ ಬೇಕಾದ ತಾಲೀಮು ರೈತನಿಗೂ ಬೇಕು.

ಮೊದಲು ದಿನಗಳ ಲೆಕ್ಕ. ಶಿವರಾತ್ರಿಯಿಂದ ಯುಗಾದಿಗೆ ಒಂದು ತಿಂಗಳು. ಅದರಲ್ಲಿ ನಡಿಗೆಗೆ ಎಂಟು ಹತ್ತು ದಿನ, ಹೊರಡುವ ಮುನ್ನ ವಿಶ್ರಾಂತಿಗೆ ಒಂದು ವಾರ ಕಳೆದರೆ ಅಭ್ಯಾಸಕ್ಕೆ ಉಳಿಯುವುದು ಎರಡು ವಾರ ಮಾತ್ರ. ಶಿವರಾತ್ರಿ ಕಳೆಯಲಿ ಎಂದು ಕಾಯುವವರು ಈ ಲೆಕ್ಕದಲ್ಲೇ ಸೋತಿರುತ್ತಾರೆ. ಸ್ನಾಯುಗಳು ಕೆಲವೇ ವಾರಗಳಲ್ಲಿ ಗಟ್ಟಿಯಾದರೂ ಅವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ, ಅದರಲ್ಲೂ ವಯಸ್ಸಾದವರಲ್ಲಿ, ತಿಂಗಳುಗಳೇ ಬೇಕಾಗುವುದರಿಂದ ದೀಪಾವಳಿ ಮುಗಿದೊಡನೆ ಆರಂಭಿಸುವುದು ಒಳಿತು. ಅದಕ್ಕೂ ಮುನ್ನ ರಕ್ತದೊತ್ತಡ, ಸಕ್ಕರೆ, ಇಸಿಜಿ ನೋಡಿಸಿ, ಇಷ್ಟು ದಿನ, ಇಷ್ಟು ದೂರ, ಇಂಥ ಬಿಸಿಲಿನಲ್ಲಿ ನಡೆಯಲಿದ್ದೇನೆ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಬರೀ ‘ವಾಕಿಂಗ್ ಮಾಡಬಹುದೇ’ ಎಂದು ಕೇಳಿದರೆ ಯಾವ ವೈದ್ಯರೂ ಬೇಡ ಎನ್ನುವುದಿಲ್ಲ.

ದೀಪಾವಳಿಯಿಂದ ಸಂಕ್ರಾಂತಿಯವರೆಗೆ ವಾರಕ್ಕೆ ಐದು ದಿನ, ದಿನಕ್ಕೆ 3 ಕಿ.ಮೀ.ನಿಂದ ಆರಂಭಿಸಿ, ಅದರಲ್ಲಿ ಒಂದು ದಿನದ ನಡಿಗೆಯನ್ನು ಮಾತ್ರ ನಿಧಾನವಾಗಿ 10 ಕಿ.ಮೀ.ಗೆ ತರಬೇಕು. ಜೊತೆಯವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುವ ವೇಗವೇ ಸರಿಯಾದ ವೇಗ. ಸಂಕ್ರಾಂತಿಯ ನಂತರ ಒಂದು ದಿನದ ದೂರವನ್ನು ಹಿಗ್ಗಿಸುವ ಬದಲು ಜೋಡಿ ದಿನಗಳನ್ನು ಕಟ್ಟಬೇಕು: ಶನಿವಾರ 12 ಕಿ.ಮೀ., ಭಾನುವಾರ 8 ಎಂದು ಹಿಡಿದು ಶಿವರಾತ್ರಿಯ ಹೊತ್ತಿಗೆ 18 ಮತ್ತು 14ರವರೆಗೆ ಬಂದರೆ ಸಾಕು. ಪ್ರತಿ ನಾಲ್ಕನೆಯ ವಾರ ದೂರವನ್ನು ಮೂರನೇ ಒಂದು ಭಾಗ ಇಳಿಸಬೇಕು; ಹುಮ್ಮಸ್ಸಿನವರು ಬಿಟ್ಟುಬಿಡುವುದು ಈ ಇಳಿಕೆಯನ್ನೇ. ಎರಡನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆಗಳನ್ನು ಗಮನಿಸಿರಿ. ಬಿಗಿತ ಅರ್ಧ ಗಂಟೆಯೊಳಗೆ ಸಡಿಲಾದರೆ ಅದು ಕೇವಲ ದಣಿವು. ನೋವು ಒಂದೇ ಬಿಂದುವಿನಲ್ಲಿ ಕುಳಿತರೆ, ಮಂಡಿ ಊದಿದರೆ, ಕುಂಟುವಂತಾದರೆ ಎರಡು ಮೂರು ದಿನ ಬಿಟ್ಟು ಮತ್ತೆ ಕಡಿಮೆ ದೂರದಿಂದ ತೊಡಗಬೇಕು.

ಸಿಂಧನೂರು, ಗಂಗಾವತಿ ಸುತ್ತಿನವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ದಾರಿ ಒಳ್ಳೆಯ ಅಭ್ಯಾಸಸ್ಥಳವಾದರೂ ಪೂರ್ತಿ ಅಲ್ಲೇ ನಡೆದರೆ ಡಾಂಬರಿನ ರೂಢಿ ಆಗುವುದಿಲ್ಲ. ಸಂಕ್ರಾಂತಿಯ ಬಳಿಕ ಅರ್ಧದಷ್ಟಾದರೂ ರಸ್ತೆಯ ಮೇಲಿರಲಿ. ಇನ್ನು ಏರಿಳಿತ. ಎಮ್ಮಿಗನೂರು, ಕರ್ನೂಲು ದಾಟಿ ಆತ್ಮಕೂರಿನವರೆಗೆ ದಾರಿ ಹೆಚ್ಚು ಕಾಡುವುದಿಲ್ಲ. ಅದರಾಚೆ ವೆಂಕಟಾಪುರದಿಂದ ನಲ್ಲಮಲ ಅರಣ್ಯ ಹೊಕ್ಕು, ನಾಗಲೂಟಿ, ಪೆಚ್ಚೆರುವುಗಳ ಮೇಲೆ ಹೋಗಿ ಭೀಮುನಿಕೊಳನಿನ ಕಣಿವೆಗೆ ಇಳಿದು, ಅಲ್ಲಿಂದ ಕೈಲಾಸದ್ವಾರಕ್ಕೆ ಕಡಿದಾದ ಮೆಟ್ಟಿಲು ಹತ್ತಬೇಕು. ಅಂದರೆ ಇಡೀ ಯಾತ್ರೆಯ ಕಠಿಣ ಏರು ಕಾಲು ಸೋತ ಮೇಲೆ ಬರುತ್ತದೆ. ಆದ್ದರಿಂದ ಮೆಟ್ಟಿಲಿನ ಅಭ್ಯಾಸವನ್ನು ಬೆಳಗಿನ ತಾಜಾ ಕಾಲಿನಿಂದ ಮಾಡಿ ತೃಪ್ತಿಪಡಬಾರದು. ಹತ್ತು ಹನ್ನೆರಡು ಕಿಲೋಮೀಟರ್ ನಡೆದು ಬಂದ ಮೇಲೆ ಮಸ್ಕಿಯ ಮಲ್ಲಿಕಾರ್ಜುನನ ಬೆಟ್ಟವನ್ನೋ, ಬಳ್ಳಾರಿ ಕೋಟೆಯ ಗುಡ್ಡವನ್ನೋ, 575 ಮೆಟ್ಟಿಲುಗಳ ಅಂಜನಾದ್ರಿಯನ್ನೋ ಹತ್ತಿ ಇಳಿಯಬೇಕು. ಹತ್ತುವುದು ಉಸಿರಿಗೆ ಭಾರ, ಇಳಿಯುವುದು ಮಂಡಿಗೆ ಭಾರ. ಮನೆಯಲ್ಲಿ ವಾರಕ್ಕೆ ಮೂರು ದಿನ ಕೈ ಊರದೆ ಕುರ್ಚಿಯಿಂದ ಏಳುವುದು, ಕಂಬ ಹಿಡಿದು ತುದಿಗಾಲಿನಲ್ಲಿ ನಿಲ್ಲುವುದು, ಕಟ್ಟೆಯಿಂದ ಒಂದು ಕಾಲನ್ನು ನಿಧಾನವಾಗಿ ಕೆಳಗಿಳಿಸುವುದು ಇವಿಷ್ಟನ್ನು ಹತ್ತತ್ತು ಸಲ ಮಾಡಿದರೆ ಇಳಿಜಾರಿನಲ್ಲಿ ತೊಡೆ ನಡುಗುವುದು ತಪ್ಪುತ್ತದೆ. ಕೋಲು ಹಿಡಿಯುವವರು ಅಭ್ಯಾಸದ ದಿನಗಳಲ್ಲೇ ಹಿಡಿಯಬೇಕು.

ಪಾದದ ವಿಷಯ ವಿವರವಾಗಿ ಹೇಳಬೇಕಾದದ್ದು, ಏಕೆಂದರೆ ಉಸಿರು ಕಟ್ಟಿ ನಿಂತವರಿಗಿಂತ ಬೊಬ್ಬೆ ಎದ್ದು ನಿಂತವರೇ ಹೆಚ್ಚು. ನಮ್ಮ ಚಳಿಗಾಲದ ಒಣಹವೆಗೆ ಹಿಮ್ಮಡಿ ಒಡೆಯುತ್ತದೆ. ಆ ಒಡಕು ಯಾತ್ರೆಯ ಎರಡನೆಯ ದಿನ ಬಾಯಿಬಿಟ್ಟು ರಕ್ತ ಒಸರುತ್ತದೆ. ಡಿಸೆಂಬರಿನಿಂದಲೇ ರಾತ್ರಿ ಕಾಲು ತೊಳೆದು ಒರೆಸಿ, ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಯುಗಾದಿಯ ವೇಳೆಗೆ ಚರ್ಮ ಮೆತ್ತಗೂ ಗಟ್ಟಿಯೂ ಆಗಿರುತ್ತದೆ. ಬೆರಳುಗಳ ಸಂದಿಗೆ ಮಾತ್ರ ಜಿಡ್ಡು ಬೇಡ, ಅಲ್ಲಿ ಒಣಗಿರಬೇಕು. ಶೂ ಕೊಳ್ಳಲು ಸಂಜೆ ಹೋಗಬೇಕು, ಆಗ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಗಲ ಜಾಗ ಉಳಿಯಬೇಕು. ಹೊಸ ಶೂನಲ್ಲಿ ಯಾತ್ರೆ ಹೊರಡುವುದೆಂದರೆ ಬೊಬ್ಬೆಗೆ ಮುಂಗಡ ಕೊಟ್ಟಂತೆ. ಅಭ್ಯಾಸದಲ್ಲಿ ಎಲ್ಲಿಯಾದರೂ ಉರಿ ಕಂಡರೆ ಆ ಕ್ಷಣವೇ ಕುಳಿತು, ಕಾಲುಚೀಲ ಬಿಚ್ಚಿ, ಪಾದವನ್ನು ಗಾಳಿಗಿಟ್ಟು ಒಣಗಿಸಿ, ಕೆಂಪಾದ ಜಾಗಕ್ಕೆ ಬಟ್ಟೆಯ ಪ್ಲಾಸ್ಟರನ್ನು ಸುಕ್ಕಿಲ್ಲದಂತೆ ಅಂಟಿಸಬೇಕು. ಮುಂದಿನ ಊರಿನಲ್ಲಿ ನೋಡೋಣ ಎಂದವರ ಬೊಬ್ಬೆ ಮುಂದಿನ ಊರಿಗೆ ಮುಂಚೆಯೇ ಒಡೆದಿರುತ್ತದೆ.

ಬರಿಗಾಲಿನ ಹರಕೆ ಹೊತ್ತವರ ಭಕ್ತಿಯನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಆದರೆ ಗಾಳಿಯ ಉಷ್ಣ 40 ಡಿಗ್ರಿ ಇರುವ ಮಧ್ಯಾಹ್ನ ಡಾಂಬರು 60 ಡಿಗ್ರಿ ಮುಟ್ಟುವುದುಂಟು, ಮತ್ತು ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಸುಟ್ಟದ್ದು ತಿಳಿಯುವುದೇ ಇಲ್ಲ. ಅಂಥವರು ಬರಿಗಾಲಿನ ಹರಕೆಯನ್ನು ದೇವಸ್ಥಾನದ ಪ್ರಾಂಗಣಕ್ಕೆ ಇಟ್ಟುಕೊಳ್ಳುವುದೇ ಸರಿ. ಅವರು ಪ್ರತಿ ಸಂಜೆ ಮೊಬೈಲಿನ ಟಾರ್ಚ್ ಹಿಡಿದು ಅಂಗಾಲು, ಬೆರಳ ಸಂದಿಗಳನ್ನು ಇನ್ನೊಬ್ಬರಿಂದ ನೋಡಿಸಿಕೊಳ್ಳಬೇಕು.

ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಶಿವರಾತ್ರಿಯ ನಂತರ ಅಭ್ಯಾಸಕ್ಕೆ ಉಳಿಯುವ ಆ ಎರಡು ವಾರಗಳಲ್ಲಿ ಬೆಳಗಿನ ನಡಿಗೆಯನ್ನು ದಿನದಿಂದ ದಿನಕ್ಕೆ ತುಸು ತಡವಾಗಿ ಮುಗಿಸುತ್ತ ಒಂಬತ್ತೂವರೆಯ ಬಿಸಿಲನ್ನು ಸಹಿಸುವಂತಾಗಬೇಕೇ ಹೊರತು ನಡುಮಧ್ಯಾಹ್ನ ನಡೆದು ಸಾಹಸ ತೋರಬಾರದು. ಯಾತ್ರೆಯಲ್ಲಿ ನಸುಕಿನ ಮೂರಕ್ಕೆ ಹೊರಟು ಒಂಬತ್ತರೊಳಗೆ ನೆರಳು ಸೇರುವುದು ಕ್ಷೇಮವಾದ್ದರಿಂದ ಆ ಹೊತ್ತಿಗೆ ಏಳುವ, ಹೊಟ್ಟೆ ಖಾಲಿಯಾಗುವ ರೂಢಿಯನ್ನೂ ಮೊದಲೇ ಮಾಡಿಕೊಳ್ಳಬೇಕು. ಕತ್ತಲಲ್ಲಿ ರಸ್ತೆಯ ಬಲಬದಿಯಲ್ಲಿ, ಎದುರಿನ ಲಾರಿ ಕಾಣುವಂತೆ ನಡೆಯಿರಿ. ಬೆನ್ನಿಗೆ ಹೊಳೆಯುವ ಪಟ್ಟಿ ಇರಲಿ.

ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುವುದರಿಂದ ಬಾಯಾರಿದಾಗ ಕುಡಿಯುತ್ತೇನೆ ಎಂಬ ಲೆಕ್ಕ ಕೈಕೊಡುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಿರಿ. ಬೆವರು ಹೆಚ್ಚಾದಾಗ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಬಹುದು. ಸಕ್ಕರೆ, ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪು, ಸಿಹಿ, ನೀರು ಎಷ್ಟೆಷ್ಟು ಎಂದು ವೈದ್ಯರಿಂದಲೇ ಕೇಳಿಕೊಳ್ಳಬೇಕು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನೂ ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ನಿನ ಪ್ರಮಾಣವನ್ನೂ ಯಾತ್ರೆಯ ದಿನಗಳಿಗೆ ಹೇಗೆ ಹೊಂದಿಸಬೇಕೆಂದು ಬರೆಯಿಸಿಕೊಂಡೇ ಹೊರಡಬೇಕು, ತಾವಾಗಿ ನಿಲ್ಲಿಸಬಾರದು. ಮಂಡಿ ನೋವಿಗೆಂದು ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆ ನುಂಗುತ್ತ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದು ನಡೆದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ನೋವು ಮುಚ್ಚಿಕೊಂಡು ನಡೆದ ಮಂಡಿಯೂ ಇನ್ನಷ್ಟು ಕೆಡುತ್ತದೆ.

ದಾರಿಯುದ್ದಕ್ಕೂ ದಾಸೋಹಕ್ಕೆ ಕೊರತೆಯಿಲ್ಲ, ಪ್ರೀತಿಯಿಂದ ಬಡಿಸುವವರಿಗೆ ಸಾಕು ಎನ್ನುವುದೇ ಕಷ್ಟ. ನಡಿಗೆಗೆ ಮುಂಚೆ ಹೊಟ್ಟೆ ಬಿರಿಯ ಉಣ್ಣದೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಜೊತೆಗಿಟ್ಟುಕೊಂಡರೆ ಸಾಕು.

ಎದೆಯಲ್ಲಿ ಒತ್ತಡ, ದವಡೆಗೋ ತೋಳಿಗೋ ಹರಿಯುವ ನೋವು, ಮಾತು ತಡವರಿಸುವುದು, ಸುಡುವ ಮೈ, ಒಂದೇ ಮೀನಖಂಡ ಊದುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನದ ನಡಿಗೆ ಅಲ್ಲಿಗೆ ನಿಲ್ಲಬೇಕು, ವೈದ್ಯರನ್ನು ಕಾಣಬೇಕು. ಇವು ಇಲ್ಲದೆ ಬರೀ ದಣಿದವರು ನಿರ್ಧಾರ ಮಾಡಬೇಕಾದ ಜಾಗ ಆತ್ಮಕೂರು. ಅಲ್ಲಿಂದ ಶ್ರೀಶೈಲಕ್ಕೆ ಬಸ್ಸಿನಲ್ಲಿ ಹೋಗಬಹುದು. ವೆಂಕಟಾಪುರ ದಾಟಿ ಕಾಡು ಹೊಕ್ಕ ಮೇಲೆ ವಾಹನ ಸುಲಭವಾಗಿ ಬರುವ ದಾರಿಯಲ್ಲ. ಆತ್ಮಕೂರಿನಲ್ಲಿ ಒಂದು ರಾತ್ರಿ ಪೂರ್ತಿ ಮಲಗಿ, ಬೆಳಿಗ್ಗೆ ಎದ್ದು ಒಂದು ಮಹಡಿಯಷ್ಟು ಮೆಟ್ಟಿಲನ್ನು ಹತ್ತಿ ಇಳಿದು ನೋಡಿ, ಕಾಲು ಒಪ್ಪಿದರೆ ಕಾಡಿನ ದಾರಿ, ಒಪ್ಪದಿದ್ದರೆ ಬಸ್ಸು ಎಂದು ಮನೆಯವರಿಗೂ ತಂಡದ ಹಿರಿಯರಿಗೂ ಊರು ಬಿಡುವ ಮೊದಲೇ ಹೇಳಿಟ್ಟಿರಬೇಕು.