ವೋಟು ಬಿದ್ದ ತಕ್ಷಣ ಜೈಲಾಗಲ್ಲ: ಅಮೆರಿಕದ ಸದನ ನಿಂದನೆ ಕೇಸನ್ನ ಹಂತ ಹಂತವಾಗಿ ಅರ್ಥ ಮಾಡ್ಕೊಳ್ಳೋದು ಹೇಗೆ?

ಪೀಟರ್ ನವಾರೊ ಅನ್ನೋ ಹೆಸರು ನಮ್ಮವರು ಮರೆತಿರಲ್ಲ. 2025ರ ಆಗಸ್ಟಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ 50 ಪರ್ಸೆಂಟ್ ಸುಂಕ ಹಾಕಿದಾಗ, ರಷ್ಯಾ ಎಣ್ಣೆ ವಿಷಯ ಇಟ್ಕೊಂಡು ಯುಕ್ರೇನ್ ಯುದ್ಧಾನ ‘ಮೋದಿ ಯುದ್ಧ’ ಅಂತ ಕರೆದ ಟ್ರಂಪ್ ಸಲಹೆಗಾರ ಇವರೇ. ಅದಕ್ಕೆ ಒಂದು ವರ್ಷ ಮುಂಚೆ ಇದೇ ನವಾರೊ ಮಯಾಮಿಯ ಫೆಡರಲ್ ಜೈಲಲ್ಲಿದ್ರು. ಕಳ್ಳತನಕ್ಕಲ್ಲ, ಲಂಚಕ್ಕಲ್ಲ, ಸಂಸತ್ತಿನ ಒಂದು ಸಮಿತಿ ಬಾ ಅಂತ ಕರೆದಾಗ ಹೋಗ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ.

ಹಾಗಂತ ಕರೆದಾಗ ಬರದೇ ಇದ್ದವರೆಲ್ಲ ಜೈಲಿಗೆ ಹೋಗ್ತಾರಾ ಅಂದ್ರೆ ಇಲ್ಲ, ಬಹಳಷ್ಟು ಜನ ಹೋಗಲ್ಲ. ‘ಮಾಜಿ ಅಧಿಕಾರಿ ಮೇಲೆ ಸದನ ನಿಂದನೆ’ ಅಂತ ಸುದ್ದಿ ಬಂದ ತಕ್ಷಣ ವಾಟ್ಸಾಪ್ ಗ್ರೂಪಲ್ಲಿ ಇನ್ನೇನು ಕೋಳ ಹಾಕೇಬಿಟ್ರು ಅನ್ನೋ ಥರ ಫಾರ್ವರ್ಡ್ ಶುರುವಾಗುತ್ತೆ, ಆರು ತಿಂಗಳಾದ್ಮೇಲೆ ಏನಾಯ್ತು ಅಂತ ಯಾರೂ ಕೇಳಲ್ಲ. ಇಂಥ ಸುದ್ದಿ ಮುಂದೆ ಬಂದಾಗ ಕೇಸು ಯಾವ ಹಂತದಲ್ಲಿದೆ, ಮುಂದಿನ ಬಾಗಿಲು ಯಾರ ಕೈಲಿದೆ ಅಂತ ನೀವೇ ಹೇಳೋ ಹಾಗಾಗಬೇಕು, ಅದಕ್ಕೇ ಈ ಲೇಖನ.

ಹಂತ 1: ಕೇಳ್ತಿರೋದು ಯಾರು, ಯಾಕೆ?

ಅಮೆರಿಕದ ಸಂವಿಧಾನದಲ್ಲಿ ‘ಸಂಸತ್ತು ಯಾರನ್ನ ಬೇಕಾದ್ರೂ ಕರೆಸಿ ವಿಚಾರಿಸಬಹುದು’ ಅಂತ ಎಲ್ಲೂ ಬರೆದಿಲ್ಲ. ಕಾನೂನು ಮಾಡೋರಿಗೆ ಮಾಹಿತಿ ಬೇಕು, ಮಾಹಿತಿ ಬೇಕು ಅಂದ್ರೆ ಕರೆಸೋ ಅಧಿಕಾರಾನೂ ಬೇಕು ಅಂತ 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಒಪ್ಕೊಳ್ತು. ಆದ್ರೆ 1957ರಲ್ಲಿ ವಾಟ್ಕಿನ್ಸ್ ಅನ್ನೋ ಕಾರ್ಮಿಕ ಮುಖಂಡನ ಕೇಸಲ್ಲಿ ಅದೇ ಕೋರ್ಟು, ಬರೀ ಒಬ್ಬನ ಬಣ್ಣ ಬಯಲು ಮಾಡೋಕೆ ಅಂತ ಪ್ರಶ್ನೆ ಕೇಳೋ ಹಾಗಿಲ್ಲ, ಪ್ರಶ್ನೆಗೂ ತನಿಖೆಗೂ ಏನು ಸಂಬಂಧ ಅನ್ನೋದು ಸಾಕ್ಷಿಗೆ ಗೊತ್ತಾಗಬೇಕು ಅಂತ ಹೇಳಿ ಅವನ ಶಿಕ್ಷೆ ರದ್ದು ಮಾಡ್ತು. ಹಾಗಾಗಿ ಮೊದಲು ನೋಡಬೇಕಾದ್ದು ಸಮಿತಿಯ ಹೆಸರು, ಅದಕ್ಕೆ ಸದನ ಕೊಟ್ಟ ಕೆಲಸ. ಕೇಸು ಕೋರ್ಟಿಗೆ ಹೋದ್ರೆ ವಕೀಲರು ಮೊದಲು ಕೈ ಹಾಕೋದೂ ಅಲ್ಲಿಗೇ.

ಹಂತ 2: ನೋಟಿಸಲ್ಲಿ ತಾರೀಖು ಹುಡುಕಿ

ಮೊದಲು ಬರೋದು ಮರ್ಯಾದೆಯ ಪತ್ರ, ದಯವಿಟ್ಟು ಬನ್ನಿ ಅಂತ. ಅದಕ್ಕೆ ಬರದೇ ಇದ್ರೆ ತಪ್ಪೇನಿಲ್ಲ. ಆಮೇಲೆ ಬರೋದು ಸಬ್‌ಪೀನಾ, ಅಂದ್ರೆ ಬರಲೇಬೇಕು ಅನ್ನೋ ಸಮನ್ಸು, ಇದನ್ನ ಮೀರಿದ್ರೆ ಮಾತ್ರ ನಿಂದನೆ. ಸುದ್ದೀಲಿ ಈ ಎರಡನ್ನೂ ಕಲಸಿಬಿಡ್ತಾರೆ. ಸಬ್‌ಪೀನಾದಲ್ಲಿ ಸಾಮಾನ್ಯವಾಗಿ ಎರಡು ತಾರೀಖು ಇರುತ್ತೆ, ಒಂದು ಕಾಗದಪತ್ರ ಕೊಡೋಕೆ, ಇನ್ನೊಂದು ಖುದ್ದಾಗಿ ಬಂದು ಹೇಳಿಕೆ ಕೊಡೋಕೆ. 2021ರ ಜನವರಿ 6ರ ಸಂಸತ್ ಭವನದ ದಾಳಿ ತನಿಖೆ ಮಾಡಿದ ಸಮಿತಿ ಟ್ರಂಪ್ ಆಪ್ತ ಸ್ಟೀವ್ ಬ್ಯಾನನ್‌ಗೆ ಅಕ್ಟೋಬರ್ 7ಕ್ಕೆ ಕಾಗದ ಕೊಡಿ, 14ಕ್ಕೆ ನೀವೇ ಬನ್ನಿ ಅಂತ ಹೇಳಿತ್ತು. ಅವರು ಎರಡೂ ಮಾಡ್ಲಿಲ್ಲ. ಅದಕ್ಕೇ ಆಮೇಲೆ ಕೋರ್ಟಲ್ಲಿ ಅವರ ಮೇಲೆ ಎರಡು ಆರೋಪ ಇದ್ದಿದ್ದು, ಕಾಗದಕ್ಕೊಂದು ಹಾಜರಿಗೊಂದು.

ಹಂತ 3: ಇಲ್ಲ ಅಂದ ಮನುಷ್ಯ ಹೇಗೆ ಇಲ್ಲ ಅಂದ?

ಇಡೀ ಕೇಸಿನ ಜೀವಾಳ ಇದೇ, ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

‘ಬರ್ತೀನಿ, ಆದ್ರೆ ಉತ್ತರ ಕೊಟ್ರೆ ನನ್ನ ಮೇಲೇ ಕೇಸಾಗಬಹುದು, ಅದಕ್ಕೆ ಬಾಯಿ ಬಿಡಲ್ಲ’ ಅನ್ನೋದು ಒಂದು ದಾರಿ. ಸಂವಿಧಾನದ ಐದನೇ ತಿದ್ದುಪಡಿ ಕೊಟ್ಟಿರೋ ಹಕ್ಕು ಇದು, ಸಂಸತ್ತಿನ ಸಮಿತಿ ಮುಂದೆಯೂ ನಡೆಯುತ್ತೆ. ನ್ಯಾಯ ಇಲಾಖೆಯಲ್ಲಿದ್ದ ಜೆಫ್ರಿ ಕ್ಲಾರ್ಕ್ ಮೊದಲು ಸಹಕರಿಸ್ಲಿಲ್ಲ, ಸಮಿತಿ ಅವರ ಮೇಲೆ ನಿಂದನೆಗೆ ವೋಟೂ ಹಾಕ್ತು, ಆದ್ರೆ ಅವರು ವಾಪಸ್ ಬಂದು ಕೂತು ನೂರಕ್ಕೂ ಹೆಚ್ಚು ಸಲ ಐದನೇ ತಿದ್ದುಪಡಿ ಅಂತ ಹೇಳಿ ಎದ್ದು ಹೋದ್ರು. ಕೇಸು ಅಲ್ಲಿಗೇ ನಿಂತೋಯ್ತು. ಕೇಳೋರಿಗೆ ಸಿಟ್ಟು ಬರುತ್ತೆ ನಿಜ, ಆದ್ರೆ ಹಾಜರಾಗಿ ಸುಮ್ಮನಿರೋದು ಬೇರೆ, ಹಾಜರೇ ಆಗದೇ ಇರೋದು ಬೇರೆ. ಈ ವ್ಯತ್ಯಾಸ ಇರಲೇಬೇಕು ಅಂತ ನಾನು ಗಟ್ಟಿಯಾಗಿ ನಂಬ್ತೀನಿ, ಇಲ್ಲದಿದ್ರೆ ಸಂಸತ್ತೇ ಪೊಲೀಸ್ ಸ್ಟೇಷನ್ ಆಗಿಬಿಡುತ್ತೆ.

ಇನ್ನೊಂದು ದಾರಿ ಅಧ್ಯಕ್ಷರ ಗೌಪ್ಯತೆಯ ಹಕ್ಕು. ಅಧ್ಯಕ್ಷರು ಸಲಹೆಗಾರರ ಜೊತೆ ಮಾತಾಡಿದ್ದನ್ನ ಹೊರಗೆ ಹೇಳಬೇಕಾಗಿಲ್ಲ ಅನ್ನೋ ವಾದ. ಇದನ್ನ 1974ರಲ್ಲಿ ನಿಕ್ಸನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಒಪ್ಕೊಂಡಿದೆ, ಆದ್ರೆ ಮಿತಿ ಇಲ್ಲದ ಹಕ್ಕೇನಲ್ಲ ಅಂತಾನೂ ಹೇಳಿ ನಿಕ್ಸನ್ ಮಾತುಕತೆ ರೆಕಾರ್ಡ್ ಆಗಿದ್ದ ಟೇಪು ಕೊಡಿಸಿದೆ. ಇಲ್ಲಿ ಕೇಳಬೇಕಾದ್ದು ಏನು ಅಂದ್ರೆ, ಹಕ್ಕು ಅಧ್ಯಕ್ಷರದ್ದು, ಸಲಹೆಗಾರನದ್ದಲ್ಲ, ಹಾಗಿದ್ರೆ ಅಧ್ಯಕ್ಷರು ನಿಜವಾಗ್ಲೂ ಅದನ್ನ ಚಲಾಯಿಸಿದ್ರಾ? ನವಾರೊ ಸಿಕ್ಕಿಬಿದ್ದಿದ್ದು ಇಲ್ಲೇ. ಸಮಿತಿಗೆ ಇಮೇಲ್ ಹಾಕಿ, ಇದು ಗೌಪ್ಯತೆಯ ವಿಷಯ, ನನ್ನ ಕೈ ಕಟ್ಟಿದೆ ಅಂದ್ರು. ಆದ್ರೆ ಟ್ರಂಪ್ ಹಾಗೆ ಹೇಳಿದ್ದಕ್ಕೆ ಒಂದು ಪತ್ರ, ಒಂದು ಗಟ್ಟಿ ಪುರಾವೆ ಇದೆಯಾ ಅಂತ ನ್ಯಾಯಾಧೀಶ ಅಮಿತ್ ಮೆಹ್ತಾ (ಗುಜರಾತಲ್ಲಿ ಹುಟ್ಟಿದವರು) ಕೇಳಿದಾಗ ತೋರಿಸೋಕೆ ಏನೂ ಇರ್ಲಿಲ್ಲ. ಬ್ಯಾನನ್ ಕಥೆ ಇನ್ನೂ ದುರ್ಬಲ, ಅವರು ವೈಟ್ ಹೌಸ್ ಕೆಲಸ ಬಿಟ್ಟಿದ್ದು 2017ರ ಆಗಸ್ಟಲ್ಲಿ, ಸಮಿತಿ ಕೇಳ್ತಿದ್ದಿದ್ದು 2021ರ ಜನವರಿ ಬಗ್ಗೆ.

‘ನಮ್ಮ ವಕೀಲರು ಹೋಗಬೇಡಿ ಅಂದ್ರು’ ಅನ್ನೋದು ಮೂರನೇದು. ಕೇಳೋಕೆ ನ್ಯಾಯವಾಗೇ ಇದೆ, ಆದ್ರೆ 1961ರಿಂದಲೂ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು ಇದನ್ನ ಒಪ್ಪಿಲ್ಲ. ಬೇಕಂತಲೇ ಹೋಗ್ಲಿಲ್ಲ ಅಂತ ಗೊತ್ತಾದ್ರೆ ಸಾಕು, ಒಳ್ಳೇ ಮನಸ್ಸಿಂದ ಹೋಗ್ಲಿಲ್ವೋ ಕೆಟ್ಟ ಮನಸ್ಸಿಂದ ಹೋಗ್ಲಿಲ್ವೋ ಅಂತ ಕೋರ್ಟು ನೋಡಲ್ಲ.

ಹಂತ 4: ಸಮಿತಿ ವೋಟು, ಸದನದ ವೋಟು

ಟೀವಿಯಲ್ಲಿ ಜಾಸ್ತಿ ಕಾಣೋದು ಇದು, ಅಷ್ಟು ತೂಕ ಇಲ್ಲದ್ದೂ ಇದೇ. ಸಮಿತಿ ಮೊದಲು ವೋಟು ಹಾಕಿ ವರದಿ ಕಳಿಸುತ್ತೆ, ಆಮೇಲೆ ಇಡೀ ಸದನ (ಈ ಕೇಸುಗಳಲ್ಲಿ ಕೆಳಮನೆ) ವೋಟು ಹಾಕುತ್ತೆ, ಬಹುಮತ ಸಾಕು. ಬ್ಯಾನನ್‌ಗೆ 229-202, ನವಾರೊಗೆ 220-203. ಒಟ್ಟಿನಲ್ಲಿ ಸದನ ಯಾವ ಪಕ್ಷದ ಕೈಲಿದೆಯೋ ಆ ಕಡೆಗೆ ವೋಟು.

ಹಂತ 5: ಬೀಗದ ಕೈ ಯಾರ ಹತ್ರ ಇದೆ?

ಸದನದಲ್ಲಿ ಪಾಸಾದ್ಮೇಲೆ ಸ್ಪೀಕರ್ ಅದಕ್ಕೆ ಸಹಿ ಹಾಕಿ ವಾಷಿಂಗ್ಟನ್‌ನ ಸರ್ಕಾರಿ ಅಭಿಯೋಜಕರಿಗೆ ಕಳಿಸ್ತಾರೆ. 1857ರಲ್ಲಿ ಬಂದ ಕಾನೂನಿನ ಪ್ರಕಾರ ಕೇಸನ್ನ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕಾ ಅಂತ ತೀರ್ಮಾನಿಸೋ ನಾಗರಿಕರ ಗುಂಪು) ಮುಂದೆ ಇಡೋದು ಅವರ ಕರ್ತವ್ಯ. ಆದ್ರೆ ಆ ಅಭಿಯೋಜಕರು ಕೆಲಸ ಮಾಡೋದು ನ್ಯಾಯ ಇಲಾಖೆ ಕೆಳಗೆ, ನ್ಯಾಯ ಇಲಾಖೆ ಇರೋದು ಅಧ್ಯಕ್ಷರ ಕೆಳಗೆ. ಅಧ್ಯಕ್ಷರ ಆದೇಶದ ಮೇಲೇ ಮಾಹಿತಿ ಕೊಡದ ಅಧಿಕಾರಿ ಮೇಲೆ ಅಧ್ಯಕ್ಷರ ಇಲಾಖೆಯೇ ಕೇಸು ಹಾಕುತ್ತಾ?

ಹಾಕಲ್ಲ. 1982ರಲ್ಲಿ ಪರಿಸರ ಸಂಸ್ಥೆ ಮುಖ್ಯಸ್ಥೆ ಆನ್ ಗೋರ್ಸಚ್ ವಿಷಯದಲ್ಲಿ ಅಭಿಯೋಜಕರು ಕೇಸನ್ನ ಗ್ರ್ಯಾಂಡ್ ಜ್ಯೂರಿ ಮುಂದೆ ಇಡ್ಲೇ ಇಲ್ಲ. ಅಧ್ಯಕ್ಷರೇ ಗೌಪ್ಯತೆ ಹಕ್ಕು ಚಲಾಯಿಸಿದ್ರೆ ಕೇಸು ಹಾಕಬೇಕಾಗಿಲ್ಲ ಅಂತ 1984ರಲ್ಲಿ ನ್ಯಾಯ ಇಲಾಖೆ ತನಗೆ ತಾನೇ ಅಭಿಪ್ರಾಯ ಬರ್ಕೊಳ್ತು, ಇವತ್ತಿಗೂ ಅದನ್ನೇ ತೋರಿಸ್ತಾರೆ. 2012ರಲ್ಲಿ ಒಬಾಮಾ ಕಾಲದ ಅಟಾರ್ನಿ ಜನರಲ್, ಅಂದ್ರೆ ನ್ಯಾಯ ಇಲಾಖೆಯ ಮುಖ್ಯಸ್ಥ, ಎರಿಕ್ ಹೋಲ್ಡರ್ ಮೇಲೆ ವೋಟು ಪಾಸಾಯ್ತು, ಕೇಸಿಲ್ಲ. 2024ರ ಜೂನ್ 12ಕ್ಕೆ ಬೈಡನ್ ಕಾಲದ ಅಟಾರ್ನಿ ಜನರಲ್ ಮೆರಿಕ್ ಗಾರ್ಲೆಂಡ್ ಮೇಲೆ 216-207ರಲ್ಲಿ ಪಾಸಾಯ್ತು, ಅವರು ತನಿಖೆಯವರು ಬೈಡನ್‌ರನ್ನ ಪ್ರಶ್ನೆ ಮಾಡಿದ್ದರ ಲಿಖಿತ ಪ್ರತಿ ಕೊಟ್ಟಿದ್ರು, ಆಡಿಯೋ ಕೊಡಲ್ಲ ಅಂದಿದ್ರು, ಎರಡೇ ದಿನಕ್ಕೆ ಅವರದ್ದೇ ಇಲಾಖೆ ಕೇಸು ಹಾಕಲ್ಲ ಅಂತ ಪತ್ರ ಬರೀತು. ಎರಡೂ ಪಕ್ಷದವರು ಇದನ್ನೇ ಮಾಡಿದ್ದಾರೆ. ಜನ ಆರಿಸಿ ಕಳಿಸಿದವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕೋ ಬೇಡವೋ ಅಂತ ಉತ್ತರ ಕೊಡಬೇಕಾದವರೇ ತೀರ್ಮಾನ ಮಾಡೋದು ನನಗಂತೂ ಸರಿ ಕಾಣಲ್ಲ, ಅಧ್ಯಕ್ಷರು ಯಾವ ಪಕ್ಷದವರೇ ಆಗಿರ್ಲಿ.

2022ರ ಜೂನ್ 3 ನೋಡಿ. ಅವತ್ತು ವಾಷಿಂಗ್ಟನ್ ಏರ್‌ಪೋರ್ಟಲ್ಲಿ ವಿಮಾನ ಹತ್ತೋಕೆ ಹೋದ ನವಾರೊಗೆ ಕೋಳ ಬಿತ್ತು. ಅದೇ ದಿನ ಟ್ರಂಪ್‌ರ ಚೀಫ್ ಆಫ್ ಸ್ಟಾಫ್ ಆಗಿದ್ದ ಮಾರ್ಕ್ ಮೆಡೋಸ್ ಮೇಲೆ ಕೇಸು ಹಾಕಲ್ಲ ಅಂತ ನ್ಯಾಯ ಇಲಾಖೆ ಸಂಸತ್ತಿಗೆ ತಿಳಿಸ್ತು. ಇಬ್ಬರನ್ನೂ ಕರೆದಿದ್ದು ಅದೇ ಸಮಿತಿ, ವೋಟು ಹಾಕಿದ್ದು ಅದೇ ಸದನ. ಮೆಡೋಸ್ ಮೊದಲು ಸಾವಿರಾರು ಮೆಸೇಜು ಕೊಟ್ಟು ಮಾತುಕತೆ ನಡೆಸಿ ಆಮೇಲೆ ನಿಲ್ಲಿಸಿದ್ರು, ನವಾರೊ ಶುರುವಿಂದಲೇ ಏನೂ ಕೊಡ್ಲಿಲ್ಲ. ಹಾಗಾಗಿ ಸುದ್ದಿ ಓದುವಾಗ ಸಾಕ್ಷಿ ಎಷ್ಟು ಕೊಟ್ಟ, ಎಲ್ಲಿ ನಿಲ್ಲಿಸಿದ, ಆಗ ವೈಟ್ ಹೌಸಲ್ಲಿ ಯಾರಿದ್ರು ಅನ್ನೋದನ್ನ ಬರೆದಿಟ್ಕೊಳ್ಳಿ, ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತೆ.

ಹಂತ 6: ಕೋರ್ಟು, ಶಿಕ್ಷೆ

ಇಲ್ಲಿವರೆಗೆ ಬಂದ ಕೇಸು ಕೋರ್ಟಲ್ಲಿ ಬೇಗ ಮುಗಿಯುತ್ತೆ, ಯಾಕಂದ್ರೆ ಸಬ್‌ಪೀನಾ ಸಿಕ್ಕಿತ್ತಾ, ಬಂದ್ರಾ ಅಷ್ಟೇ ಪ್ರಶ್ನೆ. ಬ್ಯಾನನ್ ಕೇಸಲ್ಲಿ ಜ್ಯೂರಿಗೆ ಮೂರು ಗಂಟೆಯೂ ಬೇಕಾಗ್ಲಿಲ್ಲ. ಪ್ರತಿ ಆರೋಪಕ್ಕೆ ಕನಿಷ್ಠ ಒಂದು ತಿಂಗಳು, ಗರಿಷ್ಠ ಒಂದು ವರ್ಷ. ಇಬ್ಬರಿಗೂ ನಾಲ್ಕು ತಿಂಗಳಾಯ್ತು, ಬ್ಯಾನನ್‌ಗೆ 6,500 ಡಾಲರ್ ದಂಡ, ನವಾರೊಗೆ 9,500. ನಿಧಾನ ಆಗೋದು ಅಪೀಲಲ್ಲಿ. ಬ್ಯಾನನ್ ತಪ್ಪಿತಸ್ಥ ಅಂತ 2022ರ ಜುಲೈಯಲ್ಲೇ ತೀರ್ಪಾಗಿತ್ತು, ಜೈಲಿಗೆ ಹೋಗಿದ್ದು 2024ರ ಜುಲೈ 1ಕ್ಕೆ. ನವಾರೊ 2024ರ ಮಾರ್ಚ್ 19ಕ್ಕೆ ಒಳಗೆ ಹೋಗಿ ಜುಲೈ 17ಕ್ಕೆ ಹೊರಗೆ ಬಂದ್ರು, ಅವತ್ತೇ ರಾತ್ರಿ ಮಿಲ್ವಾಕಿಯಲ್ಲಿ ಟ್ರಂಪ್‌ರ ರಿಪಬ್ಲಿಕನ್ ಪಕ್ಷದ ಸಮಾವೇಶದ ವೇದಿಕೆ ಹತ್ತಿ ಭಾಷಣ ಮಾಡಿದ್ರು.

ಹಂತ 7: ಹಳೇ ದಾರಿ ಮುಚ್ಚಿದೆಯಾ?

ಅಭಿಯೋಜಕರು ಕೇಸು ಹಾಕಲ್ಲ ಅಂದ್ರೆ ಸದನಕ್ಕೆ ಬೇರೆ ದಾರಿಗಳೂ ಇವೆ. ಸಿವಿಲ್ ಕೋರ್ಟಿಗೆ ಹೋಗಬಹುದು. ಇಲ್ಲಾ ತಾನೇ ಹಿಡಿದು ತರಬಹುದು, ಹೌದು, ನಿಜವಾಗ್ಲೂ. 1927ರ ತೀರ್ಪು ಬಂದಿದ್ದೇ ಹಾಗೆ, ಮಾಜಿ ಅಟಾರ್ನಿ ಜನರಲ್ ಒಬ್ಬರ ತಮ್ಮ ಮ್ಯಾಲಿ ಡಾಹರ್ಟಿ ಅನ್ನೋ ಬ್ಯಾಂಕರನ್ನ ಸೆನೆಟ್‌ನ (ಅಮೆರಿಕದ ಮೇಲ್ಮನೆಯ) ಸಿಬ್ಬಂದಿ ಓಹಾಯೊಗೆ ಹೋಗಿ ವಶಕ್ಕೆ ತಗೊಂಡಿದ್ರು. 1934ರಲ್ಲಿ ವಿಮಾನ ಟಪಾಲು ಗುತ್ತಿಗೆ ತನಿಖೆ ನಡೀವಾಗ ವಿಲಿಯಂ ಮೆಕ್ರಾಕನ್ ಅನ್ನೋ ಮಾಜಿ ಅಧಿಕಾರಿ, ಆಗ ವಕೀಲರು, ಸೆನೆಟ್ ಕೇಳಿದ್ದ ಕಾಗದಗಳನ್ನ ಕಕ್ಷಿದಾರರು ತಗೊಂಡು ಹೋಗೋಕೆ ಬಿಟ್ರು. ಹಾಗೆ ಹೋದ ಕಾಗದಗಳನ್ನ ಹರಿದು ಬಿಸಾಕಿದ್ರು, ತನಿಖೆಯವರು ರದ್ದಿ ಚೀಲಗಳಲ್ಲಿ ಹುಡುಕಿ ಚೂರುಗಳನ್ನ ಆಯ್ದು ಜೋಡಿಸಿದ್ರು. ಸೆನೆಟ್ ತಾನೇ ವಿಚಾರಣೆ ನಡೆಸಿ ಮೆಕ್ರಾಕನ್‌ಗೆ 10 ದಿನ ಸೆರೆ ಕೊಡ್ತು, ಮರುವರ್ಷ ಸುಪ್ರೀಂ ಕೋರ್ಟ್ ಸೆನೆಟ್‌ಗೆ ಆ ಅಧಿಕಾರ ಇದೆ ಅಂತ ಎತ್ತಿ ಹಿಡೀತು. ಅದಾದ್ಮೇಲೆ ಯಾರನ್ನೂ ಹಾಗೆ ಸೆರೆಗೆ ಹಾಕಿಲ್ಲ. 2024ರ ಜುಲೈಯಲ್ಲಿ ಇದೇ ಅಧಿಕಾರ ಬಳಸಿ ಗಾರ್ಲೆಂಡ್‌ಗೆ ದಿನಕ್ಕೆ 10,000 ಡಾಲರ್ ದಂಡ ಹಾಕೋಣ ಅಂತ ಹೊರಟ್ರು, 204-210ರಲ್ಲಿ ಬಿದ್ದೋಯ್ತು.

ನಮ್ಮಲ್ಲಿ ಮಾತ್ರ ಈ ಹಳೇ ದಾರಿ ತೆರೆದೇ ಇದೆ, ಸದನವೇ ನೇರವಾಗಿ ಸೆರೆಗೆ ಕಳಿಸಬಹುದು. ಚಿಕ್ಕಮಗಳೂರಿನ ಹಿರಿಯರಿಗೆ ಇದನ್ನ ನೆನಪಿಸಬೇಕಾಗಿಲ್ಲ. 1978ರ ನವೆಂಬರಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟಲ್ಲಿ ವೀರೇಂದ್ರ ಪಾಟೀಲರನ್ನ ಸೋಲಿಸಿ ಗೆದ್ದ ಇಂದಿರಾ ಗಾಂಧಿಯವರನ್ನ ಡಿಸೆಂಬರ್ 19ಕ್ಕೆ ಲೋಕಸಭೆ ಹೊರಗೆ ಹಾಕಿ ತಿಹಾರ್ ಜೈಲಿಗೆ ಕಳಿಸ್ತು. ಮೂಲ ಆರೋಪ 1975ರದ್ದು, ಮಾರುತಿ ಕಂಪನಿ ಬಗ್ಗೆ ಸಂಸತ್ತಲ್ಲಿ ಕೇಳಿದ ಪ್ರಶ್ನೆಗೆ ಮಾಹಿತಿ ಸೇರಿಸ್ತಿದ್ದ ಅಧಿಕಾರಿಗಳಿಗೆ ತೊಂದರೆ ಕೊಟ್ರು ಅಂತ. ಹಕ್ಕುಬಾಧ್ಯತಾ ಸಮಿತಿ ಕರೆಸಿದಾಗ ಅವರು ಪ್ರಮಾಣ ಮಾಡಿ ಸಾಕ್ಷಿ ಹೇಳೋಕೂ ಒಪ್ಲಿಲ್ಲ. ಅಧಿವೇಶನ ಮುಗಿಯೋವರೆಗೆ ಅಂತ ಶಿಕ್ಷೆ, ಡಿಸೆಂಬರ್ 26ಕ್ಕೆ ಹೊರಗೆ ಬಂದ್ರು. 1981ರಲ್ಲಿ ಅವರ ಪಕ್ಷದ ಬಹುಮತ ಇದ್ದ ಲೋಕಸಭೆ ಆ ನಿರ್ಣಯಾನೇ ರದ್ದು ಮಾಡ್ತು. ಬೀಗದ ಕೈ ಸದನದ ಹತ್ರಾನೇ ಇದ್ರೂ ಸೇಡಿನ ಭಯ ತಪ್ಪಿದ್ದಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ.

ಹಂತ 8: ಕ್ಯಾಲೆಂಡರ್ ನೋಡಿ

ಇದನ್ನ ಯಾರೂ ನೋಡಲ್ಲ, ಆದ್ರೆ ಜಾಸ್ತಿ ಜನ ತಪ್ಪಿಸಿಕೊಳ್ಳೋದು ಇದರಲ್ಲೇ. ಅಮೆರಿಕದ ಕೆಳಮನೆ ಅವಧಿ ಎರಡೇ ವರ್ಷ, ಬೆಸ ಸಂಖ್ಯೆ ವರ್ಷದ ಜನವರಿ 3ಕ್ಕೆ ಮುಗಿಯುತ್ತೆ, ಅದರ ಜೊತೆ ಸಮಿತಿಯ ಸಬ್‌ಪೀನಾನೂ ಸತ್ತೋಗುತ್ತೆ. ಹೊಸ ಸದನ ಮತ್ತೆ ಹೊರಡಿಸಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಅಲ್ಲಿವರೆಗೆ ಕೋರ್ಟಲ್ಲಿ ಎಳೆದಾಡಿದ್ರೆ ಸಾಕು. ಬುಷ್ ಕಾಲದ ವೈಟ್ ಹೌಸ್ ವಕೀಲೆ ಹ್ಯಾರಿಯೆಟ್ ಮೈಯರ್ಸ್ ಹಾಜರಾಗಲೇಬೇಕು ಅಂತ 2008ರ ಜುಲೈಯಲ್ಲಿ ಕೋರ್ಟ್ ಹೇಳ್ತು, ಕೊನೆಗೆ ರಾಜಿಯಾಗಿದ್ದು 2009ರಲ್ಲಿ, ಬುಷ್ ಇಳಿದ್ಮೇಲೆ. ಟ್ರಂಪ್‌ರ ವೈಟ್ ಹೌಸ್ ವಕೀಲ ಡಾನ್ ಮೆಗಾನ್‌ಗೆ ಸಬ್‌ಪೀನಾ ಹೋಗಿದ್ದು 2019ರ ಏಪ್ರಿಲಲ್ಲಿ, ಬಂದು ಕೂತು ಉತ್ತರ ಕೊಟ್ಟಿದ್ದು 2021ರ ಜೂನಲ್ಲಿ, ಅದೂ ಬಾಗಿಲು ಹಾಕಿದ ಕೋಣೆಯಲ್ಲಿ. ಸಬ್‌ಪೀನಾ ಹೋದ ದಿನ ಯಾವುದು, ಜನವರಿ 3ಕ್ಕೆ ಎಷ್ಟು ತಿಂಗಳು ಉಳಿದಿದೆ ಅಂತ ಮೊದಲು ಲೆಕ್ಕ ಹಾಕಿ, ಆಮೇಲೆ ಫಾರ್ವರ್ಡ್ ಮಾಡಿ.