ಹಳೇ ಪಬ್ಬಿನ ಕಂಬದ ಬುಡ ಬದಲಿಸಿದ ಬಗೆ

ಇಂಗ್ಲೆಂಡಿನ ಸಫೋಕ್ ಕಡೆಯ 15ನೇ ಶತಮಾನದ ಪಬ್ಬುಗಳಲ್ಲಿ ಭಾರ ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಅದು ಕೆಡುವುದು ಹೆಚ್ಚಾಗಿ ಬುಡದಲ್ಲಿ. ನಾವು ರಿಪೇರಿ ಮಾಡಿದ ಪಬ್ಬಿನಲ್ಲಿ ಹಿಂದೆ ಯಾರೋ ಹೊರಗಡೆ ಸಿಮೆಂಟ್ ಬಳಿದಿದ್ದರು. ಮರಕ್ಕೂ ಸಿಮೆಂಟಿಗೂ ನಡುವೆ ಬಿರುಕು ಬಿಟ್ಟು, ಅಲ್ಲಿಂದ ಇಳಿದ ಮಳೆನೀರು ಆರಲು ದಾರಿಯಿಲ್ಲದೆ ಕಂಬದ ಕಾಲಲ್ಲೇ ನಿಂತಿತ್ತು.

ಮೊದಲು ದಬ್ಬಳ ಚುಚ್ಚಿ ನೋಡಿದೆವು. ಚೇಗಿನ (ಮರದ ಗಟ್ಟಿ ಒಳತಿರುಳಿನ) ಸುತ್ತಲಿನ ಬೆಳ್ಳಗಿನ ಮರ ಪುಡಿಯಾಗಿದ್ದರೆ ಗಾಬರಿ ಬೇಡ, ಚೇಗು ಗಟ್ಟಿಯಿದ್ದರೆ ಬಿಟ್ಟುಬಿಡಿ. ಇಲ್ಲಿ ದಬ್ಬಳ ಹಿಡಿಯವರೆಗೂ ಹೋಯಿತು. ಇದು ಲಿಸ್ಟೆಡ್ ಕಟ್ಟಡ, ಅಂದರೆ ಕಾನೂನಿನ ರಕ್ಷಣೆಯ ಪಟ್ಟಿಯಲ್ಲಿರುವ ಹಳೇ ಕಟ್ಟಡವಾದ್ದರಿಂದ ಅನುಮತಿ ಸಿಗುವ ಮುನ್ನ ಗರಗಸ ಮುಟ್ಟುವಂತಿಲ್ಲ, ಅದು ಅಪರಾಧ.

ರಸ್ತೆಗೆ ಚಾಚಿದ ಮೇಲ್ಮಹಡಿಯ ತೊಲೆಗಳಿಗೆ ಎರಡೂ ಕಡೆ ಜಾಕ್ ಕೊಟ್ಟು, ಕಂಬದ ಮೇಲಿನ ಭಾರ ಇಳಿಯುವಷ್ಟು ಮಾತ್ರ ಎತ್ತಿದೆವು. ವಾಲಿದ್ದನ್ನು ನೆಟ್ಟಗೆ ಮಾಡುವ ಆಸೆ ಬೇಡ. ಶತಮಾನಗಳಿಂದ ಆ ವಾಲುವಿಕೆಗೇ ಒಗ್ಗಿಕೊಂಡ ಕೀಲುಗಳು ಸೀಳುತ್ತವೆ.

ಕಂಬ 200 ಮಿಮೀ ಅಗಲ. ಕೊಳೆತ ಬುಡ ಕತ್ತರಿಸಿ ಹೊಸ ತುಂಡು ಸೇರಿಸುವ ಜೋಡಣೆಯ ಉದ್ದ 600 ಮಿಮೀ ಇಟ್ಟುಕೊಂಡೆವು. ಹಳೆಯದರಲ್ಲಿ ಅರ್ಧ, ಹೊಸದರಲ್ಲಿ ಅರ್ಧ ದಪ್ಪ ತೆಗೆದು ಒಂದರ ಮೈಗೆ ಇನ್ನೊಂದನ್ನು ಕೂರಿಸುವ ಕೀಲು ಇದು. ಹೀಗೇ ಯಾಕೆಂದರೆ, ಹೊಸ ತುಂಡಿನ ಕೆಳತುದಿಯಲ್ಲಿ ಕೆತ್ತಿದ ನಾಲಿಗೆಯನ್ನು ಅಡಿತೊಲೆಯ (ಕಂಬಗಳು ನಿಲ್ಲುವ ಕೆಳಗಿನ ಅಡ್ಡಮರದ) ಕುಳಿಗೆ ಇಳಿಸಿದ ಮೇಲೂ ಮೇಲ್ತುದಿಯನ್ನು ಪಕ್ಕದಿಂದ ಒಳಕ್ಕೆ ತಳ್ಳಬಹುದು. ಹೊಸ ಚೌಕಟ್ಟಿಗೆ ಹಸಿ ಓಕ್ ಸರಿ, ತೇಪೆಗಲ್ಲ: ಹಳೇ ಮರ ಒಣಗಿ ಕುಗ್ಗಿ ಮುಗಿದಿರುತ್ತದೆ, ಹಸಿಯದು ಆಮೇಲೆ ಕುಗ್ಗಿ ಸಂದು ಬಾಯಿಬಿಡುತ್ತದೆ. ಒಣಗಿದ್ದನ್ನೇ ಹಾಕಿದೆವು.

ನಾಲಿಗೆಯ ತೂತನ್ನು ಅಡಿತೊಲೆಯ ತೂತಿಗಿಂತ 3 ಮಿಮೀ ಮೇಲೆ, ಕಂಬದ ಕಡೆಗೆ ಕೊರೆದೆವು. ತುದಿ ಚೂಪಾದ 20 ಮಿಮೀ ಓಕ್ ಗೂಟ ಬಡಿದಾಗ ಅದು ಬಾಗುತ್ತಾ ಕೀಲನ್ನು ಎಳೆದು ಬಿಗಿಯುತ್ತದೆ. ತೂತನ್ನು ತಪ್ಪು ಕಡೆಗೆ ಸರಿಸಿದರೆ ಕೀಲು ಬಿಚ್ಚಿಕೊಳ್ಳುತ್ತದೆ! ಗೂಟವನ್ನು ಎಳೆ ಹಿಡಿದು ಸೀಳಿ ಮಾಡಬೇಕು. ಗರಗಸದಲ್ಲಿ ಕೊಯ್ದದ್ದು ಎಳೆ ಕಡಿದಲ್ಲಿ ಮುರಿಯುತ್ತದೆ. ಬೋಲ್ಟ್ ಬೇಕಾದಲ್ಲಿ ಸ್ಟೇನ್‌ಲೆಸ್ ಸ್ಟೀಲ್. ಮಾಮೂಲಿ ಕಬ್ಬಿಣ ಓಕ್‌ನ ಒಗರಿಗೆ ತುಕ್ಕು ಹಿಡಿದು, ಮರಕ್ಕೆ ನೀಲಿಗಪ್ಪು ಕಲೆ ಬಿಡುತ್ತದೆ.

ಕಂಬಗಳ ನಡುವಿನ ಅಂಕಣಕ್ಕೆ ಓಕ್ ಕಡ್ಡಿ ನಿಲ್ಲಿಸಿ, ಹೇಜಲ್ ಗಿಡದ ಬಳುಕುವ ಕಡ್ಡಿ ನೇಯ್ದು, ಜೇಡಿಮಣ್ಣು, ಕತ್ತರಿಸಿದ ಹುಲ್ಲು, ಸೆಗಣಿ ತುಳಿದ ಮಣ್ಣು ಮೆತ್ತಿದೆವು. ಇಬ್ಬರು ಎರಡೂ ಕಡೆಯಿಂದ ಒಟ್ಟಿಗೆ ಒತ್ತಬೇಕು, ಒಬ್ಬನೇ ಒತ್ತಿದರೆ ಆಚೆ ಕಡೆ ಉದುರುತ್ತದೆ. ಆರಿದಾಗ ಅಂಚಿನಲ್ಲಿ ಸಂದು ಬೀಳುವುದು ಸಹಜ, ಅದಕ್ಕೆ ಕೂದಲು ಬೆರೆಸಿದ ಸುಣ್ಣದ ಗಾರೆ ತುಂಬಿದೆವು. ಗಾರೆ ಮರದ ಮಟ್ಟಕ್ಕಿಂತ ಹೊರಗೆ ಉಬ್ಬಬಾರದು. ಉಬ್ಬಿದರೆ ಮತ್ತೆ ನೀರು ನಿಲ್ಲುವ ಅಂಚು ನಾವೇ ಕಟ್ಟಿಕೊಟ್ಟಂತೆ.