ಟೂರಿಂಗ್ ಬೈಕ್‌ನ ರೇಡಿಯೊ ಬದಲಾಯಿಸಿದ್ದು: ನನ್ನ ಅನುಭವ

ಬೈಕ್ ಜೊತೆ ಬಂದ ರೇಡಿಯೊ ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತಾಗ ಚೆನ್ನಾಗೇ ಹಾಡುತ್ತಿತ್ತು. ಹೈವೇಗೆ ಬಿದ್ದರೆ ಮುಗೀತು. ಯಾವ ಹಾಡು ಅಂತ ಗೊತ್ತಾಗುತ್ತಿತ್ತು, ಪದಗಳು ಕೇಳುತ್ತಿರಲಿಲ್ಲ. ವಾಲ್ಯೂಮ್ ಏರಿಸಿದರೆ ಸ್ಪೀಕರ್ ಕರಕರ. ಬ್ಲೂಟೂತ್ ಇರಲಿಲ್ಲ, ಹಾಗಾಗಿ ಫೋನ್‌ನಿಂದ ದಾರಿ ಕೇಳಿಸಿಕೊಳ್ಳೋದೂ ಇಲ್ಲ.

ಎಲ್ಲರೂ ಮೊದಲು ಹೊಸ ಹೆಡ್ ಯೂನಿಟ್, ಅಂದರೆ ಗುಂಡಿ ಸ್ಕ್ರೀನ್ ಇರುವ ರೇಡಿಯೊ ಡಬ್ಬವನ್ನೇ ಹುಡುಕುತ್ತಾರೆ. ಅದೊಂದನ್ನೇ ಬದಲಾಯಿಸಿದರೆ ಬ್ಲೂಟೂತ್ ಬರುತ್ತದೆ ನಿಜ, ಸದ್ದು ಅಷ್ಟೇನೂ ಬದಲಾಗುವುದಿಲ್ಲ. ಡಬ್ಬದ ಮೇಲೆ ‘50 ವ್ಯಾಟ್ x 4’ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಪೀಕ್ ಲೆಕ್ಕ, ಅಂದರೆ ಅರೆಕ್ಷಣಕ್ಕೆ ಸಿಗುವ ಗರಿಷ್ಠ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ಪವರ್ ನೋಡಿದರೆ ಒಂದು ಚಾನೆಲ್‌ಗೆ 20 ವ್ಯಾಟ್ ಆಸುಪಾಸು. 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ನಡೆಯುವ ಯೂನಿಟ್ 4 ಓಮ್ (ಕರೆಂಟ್‌ಗೆ ಒಡ್ಡುವ ತಡೆಯ ಅಳತೆ) ಸ್ಪೀಕರ್‌ಗೆ ಅದಕ್ಕಿಂತ ಜಾಸ್ತಿ ಕೊಡುವುದು ಕಷ್ಟ. ಗಾಳಿಯ ಸದ್ದನ್ನು ಗೆಲ್ಲಬೇಕಾದರೆ ಬೇರೆ ಆ್ಯಂಪ್ (ಸದ್ದಿನ ಪವರ್ ಹೆಚ್ಚಿಸುವ ಆ್ಯಂಪ್ಲಿಫೈಯರ್) ಬೇಕೇ ಬೇಕು. ನಾನು ಫೇರಿಂಗ್ (ಬೈಕ್‌ನ ಮುಂದಿನ ಗಾಳಿ ತಡೆಯುವ ಕವಚ) ಒಳಗೆ ಕೂರುವ ಸಣ್ಣ ಕ್ಲಾಸ್ ಡಿ ಮಾದರಿಯ ಆ್ಯಂಪ್ ಹಾಕಿದೆ. ಬಿಸಿ ಕಡಿಮೆ, ಕರೆಂಟೂ ಕಡಿಮೆ ತಿನ್ನುತ್ತದೆ.

ಅದಕ್ಕಿಂತ ಮುಖ್ಯ ಸ್ಪೀಕರ್. ಪವರ್ ಎರಡರಷ್ಟು ಮಾಡಿದರೆ ಸದ್ದು ಏರೋದು 3 ಡೆಸಿಬೆಲ್ ಮಾತ್ರ. ಅದೇ, ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಸ್ಪೀಕರ್ ಎಷ್ಟು ಸದ್ದು ಕೊಡುತ್ತದೆ ಅನ್ನುವ ಅಂಕಿ) 3 ಡೆಸಿಬೆಲ್ ಜಾಸ್ತಿ ಇರುವ ಸ್ಪೀಕರ್ ತಂದರೆ ದೊಡ್ಡ ಆ್ಯಂಪ್ ಕೆಲಸ ಪುಕ್ಕಟೆ ಆದಂತೆ. ಸ್ಪೀಕರ್ ಕೊಳ್ಳುವಾಗ ನಾನು ವ್ಯಾಟ್ ನೋಡಲೇ ಇಲ್ಲ, ಆ ಅಂಕಿಯನ್ನೇ ನೋಡಿದೆ. ಆಮೇಲೆ ಆ್ಯಂಪ್‌ನಲ್ಲಿ ಹೈ ಪಾಸ್ ಫಿಲ್ಟರ್ ಆನ್ ಮಾಡಿ 100 ಹರ್ಟ್ಜ್‌ಗೆ ಇಟ್ಟೆ, ಅಂದರೆ ಅದಕ್ಕಿಂತ ಕೆಳಗಿನ ದಪ್ಪ ಸದ್ದನ್ನು ಅದು ತಡೆಯುತ್ತದೆ. ಬೇಸ್ ಹೋಯ್ತಲ್ಲಾ ಅಂತ ಸ್ನೇಹಿತರು ಬೈದರು. ಓಡುವ ಬೈಕ್‌ನಲ್ಲಿ ಬೇಸ್ ಹೇಗೂ ಗಾಳಿಯ ಸದ್ದಲ್ಲಿ ಮುಳುಗುತ್ತದೆ, ಸುಮ್ನೆ ಅದಕ್ಕಾಗಿ ಸ್ಪೀಕರ್‌ನ ಸಣ್ಣ ಕೋನ್ (ಅದುರುವ ಭಾಗ) ಕುಣಿಸಿ ಕರಕರ ಅನ್ನಿಸೋದು ಯಾಕೆ? ಹಾಡುವವರ ದನಿ ಬಿಡಿಸಿ ಕೇಳಿದರೆ ಸಾಕು, ಅಲ್ವಾ?

ಹಳೇ ಸ್ಪೀಕರನ್ನೇ ಉಳಿಸಿಕೊಳ್ಳುವವರು ಒಮ್ಮೆ ಮಲ್ಟಿಮೀಟರ್ ಹಿಡಿದು ನೋಡಿ. ಕೆಲವು ಬೈಕ್‌ಗಳಲ್ಲಿ ಕಂಪನಿ ಸ್ಪೀಕರ್ 2 ಓಮ್ ಇರುತ್ತವೆ. ಸಾಮಾನ್ಯ ಹೆಡ್ ಯೂನಿಟ್‌ಗೆ 4 ಓಮ್‌ಗಿಂತ ಕಡಿಮೆ ಆಗಿಬರುವುದಿಲ್ಲ, ಬಿಸಿಯಾಗಿ ಆಫ್ ಆಗುತ್ತದೆ, ಇಲ್ಲವೇ ಸುಟ್ಟೇ ಹೋಗುತ್ತದೆ. 4 ಓಮ್ ಸ್ಪೀಕರ್ ಮೀಟರ್‌ನಲ್ಲಿ ಮೂರೂವರೆ ಹತ್ತಿರ ತೋರಿಸಿದರೆ ಗಾಬರಿ ಬೇಡ, ಅದು ಸರಿಯೇ.

ಇನ್ನು ವೈರಿಂಗ್. ಜಾಸ್ತಿ ಹೊತ್ತು ಹಿಡಿದದ್ದು ಇದೇ. ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಶುರು ಮಾಡಿದೆ. ಹೆಡ್ ಯೂನಿಟ್‌ನ ಹಳದಿ ವೈರ್‌ಗೆ ಯಾವಾಗಲೂ ಕರೆಂಟ್ ಬೇಕು, ಕೆಂಪು ವೈರ್‌ಗೆ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥ್, ನೀಲಿ-ಬಿಳಿ ವೈರ್ ಆ್ಯಂಪನ್ನು ಎಬ್ಬಿಸೋಕೆ. ಕೆಂಪು ಹಳದಿ ಎರಡನ್ನೂ ಬ್ಯಾಟರಿಗೇ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ಕೀ ತೆಗೆದ ಮೇಲೂ 50 ಮಿಲಿಆ್ಯಂಪ್ ಸೋರಿದರೆ ದಿನಕ್ಕೆ 1.2 ಆ್ಯಂಪಿಯರ್-ಅವರ್ ಆಯಿತು. 28 ಆ್ಯಂಪಿಯರ್-ಅವರ್ ಬ್ಯಾಟರಿ ಎರಡು ವಾರದೊಳಗೆ ಅರ್ಧ ಖಾಲಿ. ಕೆಲಸ ಮುಗಿದ ಮೇಲೆ ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ದಾರಿಯಲ್ಲಿ ಮೀಟರ್ ಇಟ್ಟು ಅಳೆದೆ. ಕೆಲವೇ ಮಿಲಿಆ್ಯಂಪ್ ಬಂತು, ನಿರಾಳ.

ಆ್ಯಂಪ್‌ಗೆ ಪವರ್ ನೇರ ಬ್ಯಾಟರಿಯಿಂದ ಎಳೆದೆ, ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ. ಫ್ಯೂಸ್ ಇರೋದು ಆ್ಯಂಪ್ ಉಳಿಸೋಕಲ್ಲ, ವೈರ್ ಹೊತ್ತಿಕೊಳ್ಳದೇ ಇರಲಿ ಅಂತ. ಆ್ಯಂಪ್ ಮತ್ತು ಯೂನಿಟ್‌ನ ಅರ್ಥ್ ಎರಡನ್ನೂ ಒಂದೇ ಜಾಗಕ್ಕೆ ಕೂರಿಸಿದೆ. ಬೇರೆ ಬೇರೆ ಕಡೆ ಕೊಟ್ಟರೆ ಆ್ಯಕ್ಸಿಲರೇಟರ್ ತಿರುಗಿಸಿದಂತೆಲ್ಲ ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು ಏರಿಳಿಯುವ ಸಾಧ್ಯತೆ ಇರುತ್ತದೆ. ಜೋಡಣೆಗಳನ್ನು ಲೋಹದ ಕನೆಕ್ಟರ್‌ನಲ್ಲಿ ಒತ್ತಿ ಕ್ರಿಂಪ್ ಮಾಡಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದೆ. ಬರೀ ತಿರುಚಿ ಟೇಪ್ ಸುತ್ತಿದ್ದು ಬೈಕ್‌ನ ನಡುಕಕ್ಕೆ, ಮಳೆಗೆ ಬಾಳುವುದಿಲ್ಲ. ನನ್ನ ಬೈಕ್‌ನಲ್ಲಿ ಫೇರಿಂಗ್ ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಅದಕ್ಕೇ ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ವೈರ್ ಎಲ್ಲೂ ಬಿಗಿಯಾಗುವುದಿಲ್ಲ ಅಂತ ನೋಡಿಕೊಂಡೇ ಟೈ ಬಿಗಿದೆ.

ಸ್ಪೀಕರ್ ವೈರ್‌ನ ಬಣ್ಣ ಹೊಂದದೇ ಹೋದರೆ ಒಂದೂವರೆ ವೋಲ್ಟ್ ಸೆಲ್ ಅರೆಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸೆಲ್‌ನ ಪ್ಲಸ್ ತಾಗಿದ್ದೇ ಪ್ಲಸ್.

ಹ್ಯಾಂಡಲ್ ಮೇಲಿನ ವಾಲ್ಯೂಮ್ ಬಟನ್ ಹೊಸ ಯೂನಿಟ್‌ಗೆ ತಾನಾಗಿ ಅರ್ಥವಾಗುವುದಿಲ್ಲ, ನಡುವೆ ಅಡಾಪ್ಟರ್ ಮಾಡ್ಯೂಲ್ ಬೇಕು. ಅದು ನಿಮ್ಮ ಬೈಕ್‌ನ ಮಾಡೆಲ್ ವರ್ಷಕ್ಕೆ ಸರಿಯಾಗಿರಬೇಕು. ಉದಾಹರಣೆಗೆ ಹಾರ್ಲೆ-ಡೇವಿಡ್‌ಸನ್ ಟೂರಿಂಗ್ ಬೈಕ್‌ಗಳು 2014ರಲ್ಲಿ ಕ್ಯಾನ್ ಬಸ್‌ಗೆ (ಬೈಕ್‌ನ ಎಲೆಕ್ಟ್ರಾನಿಕ್ ಭಾಗಗಳು ಪರಸ್ಪರ ಸಂದೇಶ ಕಳಿಸುವ ವ್ಯವಸ್ಥೆ) ಬದಲಾದವು, ಹಿಂದಿನ ವರ್ಷದ ಮಾಡ್ಯೂಲ್ ಅಲ್ಲಿ ನಡೆಯದು. ಈ ಖರ್ಚು ಉಳಿಸಬೇಡಿ, ಓಡಿಸುವಾಗ ಹ್ಯಾಂಡಲ್ ಬಿಟ್ಟು ಸ್ಕ್ರೀನ್ ಒತ್ತುವುದು ಅಪಾಯ.

ಯೂನಿಟ್ ಆರಿಸುವಾಗ ದೋಣಿಗೆಂದು ಮಾಡಿದ ಮರೀನ್ ಮಾಡೆಲ್‌ಗಳನ್ನೂ ನೋಡಿ, ನೀರು ಬಿಸಿಲು ಎರಡನ್ನೂ ತಡೆಯುವಂತೆ ಮಾಡಿರುತ್ತಾರೆ. ಗ್ಲೌಸ್ ಹಾಕಿಕೊಂಡೇ ತಿರುಗಿಸಬಹುದಾದ ಗುಂಡಿ ಇರಲಿ. ಸ್ಕ್ರೀನ್ ಎಷ್ಟು ಚೆಂದ ಇದೆ ಅಂತ ಅಂಗಡಿಯ ದೀಪದಲ್ಲಿ ನೋಡಬೇಡಿ, ಮಧ್ಯಾಹ್ನದ ಬಿಸಿಲಿಗೆ ಹಿಡಿದು ನೋಡಿ.